ಹಳೆ ಚಾಕುವಿನ ತುಕ್ಕಿಗೆ ವಿನೆಗರ್, ಕರೆಂಟ್, ಕೀಲೇಟರ್: ನಾನು ಮೂರನೆಯದಕ್ಕೆ ನಿಂತದ್ದು ಯಾಕೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೀಲೇಟಿಂಗ್ ದ್ರಾವಣಕ್ಕೆ, ಅಂದರೆ ತುಕ್ಕಿನಲ್ಲಿರುವ ಕಬ್ಬಿಣವನ್ನಷ್ಟೇ ಹಿಡಿದು ಬಿಡಿಸುವ, ಡಬ್ಬಿಯಲ್ಲಿ ಸಿಗುವ ದ್ರಾವಣಕ್ಕೆ (ಕೀಲೇಟರ್ ಅಂದರೂ ಇದೇ). ಡಬ್ಬಿ ಕೊಳ್ಳುವಾಗ ಸ್ವಲ್ಪ ಹಿಂಜರಿದಿದ್ದೆ. ಅಷ್ಟೇ ಅಳತೆಯ ವಿನೆಗರ್‌ಗಿಂತ ಅದು ಎಷ್ಟೋ ಪಟ್ಟು ದುಬಾರಿ. ಈಗ ಆ ಡಬ್ಬಿ ಖಾಲಿಯಾಗಿದ್ದರೆ ಹಳೆ ಚಾಕು ಮುಟ್ಟುವ ಮನಸ್ಸೇ ಬರುವುದಿಲ್ಲ. ಹಾಗಂತ ಅದರಲ್ಲಿ ತೊಂದರೆ ಇಲ್ಲ ಅಂತಲ್ಲ. ಒಂದು ದೊಡ್ಡ ಕಿರಿಕಿರಿ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಕೂಡಿಡುವುದು ಹೆಚ್ಚಾಗಿ ಹಳೆಯ ಕಾರ್ಬನ್ ಸ್ಟೀಲ್ ಚಾಕುಗಳನ್ನು. ಮಡಚುವ ಜೇಬು ಚಾಕುಗಳೇ ಜಾಸ್ತಿ, ಆಗೊಮ್ಮೆ ಈಗೊಮ್ಮೆ ಒಂದು ಉದ್ದ ಅಲಗಿನದು. ಕನ್ನಡಿ ಹಾಗೆ ಹೊಳೆಯಬೇಕು ಅನ್ನುವವರಿಗೆ ಈ ಹೋಲಿಕೆ ಕೆಲಸಕ್ಕೆ ಬರುವುದಿಲ್ಲ, ಅವರ ದಾರಿ ಬೇರೆ. ನನಗೆ ಬೇಕಾದ್ದು ಇಷ್ಟೇ: ಕೆಂಪು ತುಕ್ಕು ಹೋಗಬೇಕು, ಅಲಗಿನ ಬುಡದಲ್ಲಿರುವ ಕಂಪನಿಯ ಮುದ್ರೆ ಉಳಿಯಬೇಕು.

ಮುದ್ರೆಗೆ ಇಷ್ಟು ಒದ್ದಾಟ ಯಾಕೆ ಅಂದರೆ, ಚಾಕುವಿನ ವಯಸ್ಸು ಸಿಗುವುದೇ ಅಲ್ಲಿ. ಅಮೆರಿಕದ ಕೇಸ್ ಕಂಪನಿ 1970ರಲ್ಲಿ ಮುದ್ರೆಯ ಕೆಳಗೆ 10 ಚುಕ್ಕೆ ಹಾಕಲು ಶುರು ಮಾಡಿತು, ಆಮೇಲೆ ವರ್ಷಕ್ಕೊಂದು ಚುಕ್ಕೆ ತೆಗೆಯುತ್ತಾ ಹೋಯಿತು. ಉಪ್ಪುಕಾಗದ ಉಜ್ಜಿ ಒಂದು ಚುಕ್ಕೆ ಸವೆಸಿದರೆ ಚಾಕು ಒಂದು ವರ್ಷ ಚಿಕ್ಕದಾಗಿಬಿಡುತ್ತದೆ! ‘ಜರ್ಮನಿ’ ಅಂತ ದೇಶದ ಹೆಸರಿದ್ದರೆ ಅದೂ ಒಂದು ಸುಳಿವು. ಹೊರಗಿನಿಂದ ಬರುವ ಸರಕಿನ ಮೇಲೆ ದೇಶದ ಹೆಸರು ಇರಬೇಕು ಅಂತ ಅಮೆರಿಕ 1890ರ ಸುಂಕದ ಕಾಯ್ದೆಯಲ್ಲಿ ಹೇಳಿತು, ಅಲ್ಲಿಗೆ ಕಳಿಸಲು ಮಾಡಿದ ಅಲಗುಗಳಲ್ಲಿ ಆ ಹೆಸರು ಬಂದದ್ದು ಹಾಗೆ. ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಸ್ಟೇನ್‌ಲೆಸ್ ಸ್ಟೀಲ್ ಮಾಡಿದ್ದು 1913ರಲ್ಲಿ. ಅದಕ್ಕಿಂತ ಹಳೆಯ ಅಲಗು ಅಂದರೆ ತುಕ್ಕು ಹಿಡಿಯುವ ಉಕ್ಕೇ, ಬೇರೆ ಮಾತಿಲ್ಲ. ಮುದ್ರೆಯ ಆಳ ಎಷ್ಟಿರುತ್ತದೆ ಅಂತ ಉಗುರು ಆಡಿಸಿ ನೋಡಿ. ಏನೂ ಇರುವುದಿಲ್ಲ. ಅಲಗಿನ ಮೇಲೆ ಆಸಿಡ್‌ನಿಂದ ಬರೆದ ಹೆಸರು, ಚಿತ್ರ ಇದ್ದರಂತೂ ಇನ್ನೂ ತೆಳು.

ಈಗ ವಿನೆಗರ್. ಎಲ್ಲರೂ ಶುರು ಮಾಡುವುದು ಇದರಿಂದಲೇ ಅಲ್ವಾ? ಅಗ್ಗ, ಎಲ್ಲೆಲ್ಲೂ ಸಿಗುತ್ತದೆ, ತುಕ್ಕು ಬಿಡಿಸುವುದೂ ನಿಜ. ಆದರೆ ಅದಕ್ಕೆ ತುಕ್ಕು ಯಾವುದು, ಉಕ್ಕು ಯಾವುದು ಅನ್ನುವ ಭೇದ ಇಲ್ಲ. ತುಕ್ಕು ಮುಗಿದ ಮೇಲೆ ಕೆಳಗಿನ ಲೋಹಕ್ಕೆ ಬಾಯಿ ಹಾಕುತ್ತದೆ. ರಾತ್ರಿ ಹಾಕಿಟ್ಟು ಬೆಳಿಗ್ಗೆ ತೆಗೆದರೆ ಅಲಗು ಮಂಕು ಬೂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಸಣ್ಣಗೆ ಒರಟು. ತುಕ್ಕು ಕೊರೆದ ಗುಳಿಗಳ ಅಂಚು ಅಗಲವಾಗಿ, ಮುದ್ರೆಯ ಅಂಚು ಮೊಂಡಾಗಿ ಕಾಣುತ್ತದೆ. ಅಲಗಿನ ಬಾಯಿಗೆ ಮಾತ್ರ ಹದ ಕೊಟ್ಟ ಚಾಕುವಾದರೆ ಗಟ್ಟಿ ಭಾಗಕ್ಕೂ ಮೆತ್ತನೆ ಭಾಗಕ್ಕೂ ನಡುವೆ ಗೆರೆ ಎದ್ದು ಬರುತ್ತದೆ, ಕೆಲವರಿಗೆ ಅದು ಇಷ್ಟ, ಬೇಕಂತಲೇ ಮಾಡುತ್ತಾರೆ. ಆ ಕೆಲಸಕ್ಕಾದರೆ ವಿನೆಗರ್ ಒಳ್ಳೆಯದೇ.

ನಾನು ಅದನ್ನು ಬಿಟ್ಟದ್ದಕ್ಕೆ ನಿಜವಾದ ಕಾರಣ ಹಿಡಿಗಳು. ಹಳೆ ಜೇಬು ಚಾಕುಗಳ ಹಿಡಿ ಮೂಳೆಯದೋ, ಕೊಂಬಿನದೋ, ಮುತ್ತಿನ ಚಿಪ್ಪಿನದೋ ಆಗಿರುತ್ತದೆ. ಮೂಳೆಯಲ್ಲೂ ಚಿಪ್ಪಿನಲ್ಲೂ ಇರುವುದು ಕ್ಯಾಲ್ಸಿಯಂ, ವಿನೆಗರ್ ಅದನ್ನು ಕರಗಿಸುತ್ತದೆ. ಚಿಪ್ಪಿನ ಹೊಳಪು ಒಮ್ಮೆ ಹೋದರೆ ಮತ್ತೆ ತರಲಾಗುವುದಿಲ್ಲ. ಒಳಗಿನ ಹಿತ್ತಾಳೆ ತಗಡು ಸಹ ಗುಲಾಬಿ ಬಣ್ಣಕ್ಕೆ ತಿರುಗಿ ಕೂರುತ್ತದೆ.

ಸಿಟ್ರಿಕ್ ಆಸಿಡ್ ಇದರ ತಮ್ಮ. ವಾಸನೆ ಇಲ್ಲ, ಕೆಲಸ ಬೇಗ. ತೊಳೆದು ತಿರುಗಿ ನೋಡುವಷ್ಟರಲ್ಲಿ ಅಲಗಿನ ಮೇಲೆ ಕಿತ್ತಳೆ ಬಣ್ಣದ ಹೊಸ ತುಕ್ಕು. ಅಡುಗೆ ಸೋಡಾ ನೀರಲ್ಲಿ ಅದ್ದಿ, ತಕ್ಷಣ ಒರೆಸಿ ಒಣಗಿಸಿ ಎಣ್ಣೆ ಹಚ್ಚಿದರೆ ತಪ್ಪಿಸಬಹುದು. ಮುಂದಕ್ಕೆ ಹೋಗೋಣ.

ಕರೆಂಟ್ ವಿಧಾನ, ಅಂದರೆ ಎಲೆಕ್ಟ್ರಾಲಿಸಿಸ್, ನಿಜಕ್ಕೂ ಜಾಣ ವಿಧಾನ. ಪ್ಲಾಸ್ಟಿಕ್ ಬಕೆಟ್ ತುಂಬ ನೀರು, 4 ಲೀಟರ್‌ಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ, ಬ್ಯಾಟರಿ ಚಾರ್ಜರ್‌ನಿಂದ 12 ವೋಲ್ಟಿನ ಕರೆಂಟ್. ಮೈನಸ್ ತಂತಿ ಚಾಕುವಿಗೆ, ಪ್ಲಸ್ ತಂತಿ ಯಾವುದಾದರೂ ಬೇಡದ ಕಬ್ಬಿಣದ ತುಂಡಿಗೆ. ಅದಲು ಬದಲಾದರೆ ಕರಗುವುದು ಚಾಕು, ಹಾಗಾಗಿ ಸ್ವಿಚ್ ಹಾಕುವ ಮೊದಲು ಎರಡು ಸಲ ನೋಡಿ. ಪ್ಲಸ್ ಕಡೆ ಸ್ಟೇನ್‌ಲೆಸ್ ಚಮಚ ಗಿಮಚ ಕಟ್ಟಬೇಡಿ, ಅದರಲ್ಲಿರುವ ಕ್ರೋಮಿಯಂ ವಿಷವಾಗಿ ನೀರಿಗೆ ಇಳಿಯುತ್ತದೆ. ಸೋಡಾ ಬದಲು ಉಪ್ಪು ಹಾಕಿದರೆ ಕ್ಲೋರಿನ್ ಅನಿಲ ಬರುತ್ತದೆ. ಸರಿಯಾಗಿ ಮಾಡಿದರೂ ಹೈಡ್ರೋಜನ್ ಗುಳ್ಳೆ ಬಂದೇ ಬರುತ್ತದೆ, ಆದ್ದರಿಂದ ಕಿಟಕಿ ತೆಗೆದಿರಬೇಕು, ಹತ್ತಿರ ಬೆಂಕಿ ಇರಬಾರದು. ಇಷ್ಟು ಜಾಗ್ರತೆ ಮಾಡಿದರೆ ಗಟ್ಟಿ ತುಕ್ಕು ಕಪ್ಪು ಕೆಸರಾಗಿ ಸಡಿಲವಾಗುತ್ತದೆ, ಬ್ರಷ್‌ನಲ್ಲಿ ತಿಕ್ಕಿದರೆ ಹೋಗುತ್ತದೆ. ಕೆಳಗಿನ ಉಕ್ಕು ಕರಗಿರುವುದಿಲ್ಲ. ಖರ್ಚು ಅಂತ ಹೇಳುವಂಥದ್ದು ಏನೂ ಇಲ್ಲ.

ಹಾಗಾದರೆ ಇದೇ ಯಾಕೆ ಬೇಡ? ಒಂದು, ಚಾರ್ಜರ್. ಈಗ ಬರುವ ಸ್ಮಾರ್ಟ್ ಚಾರ್ಜರ್‌ಗಳು ಎದುರಿಗೆ ಬ್ಯಾಟರಿ ಇದೆ ಅಂತ ಖಾತ್ರಿ ಆಗದೆ ಕರೆಂಟ್ ಬಿಡುವುದೇ ಇಲ್ಲ. ಬಕೆಟ್ ನೀರನ್ನು ಅವು ಬ್ಯಾಟರಿ ಅಂತ ಒಪ್ಪಲ್ಲ, ಕೆಂಪು ದೀಪ ಮಿಣುಕಿಸಿ ಸುಮ್ನೆ ಕೂರುತ್ತವೆ. ಹಳೆ ಕಾಲದ ದಡ್ಡ ಚಾರ್ಜರ್ ಬೇಕು, ಇಲ್ಲವೇ ವೋಲ್ಟ್ ತಿರುಗಿಸಿ ಇಡುವ ಪವರ್ ಸಪ್ಲೈ ಬೇಕು. ಎರಡು, ಕರೆಂಟ್ ನೇರ ದಾರಿಯಲ್ಲೇ ಜಾಸ್ತಿ ಕೆಲಸ ಮಾಡುತ್ತದೆ. ಕಬ್ಬಿಣದ ತುಂಡು ಯಾವ ಕಡೆ ಇದೆಯೋ ಆ ಕಡೆಯ ಮುಖ ಚೊಕ್ಕ, ಹಿಂದಿನ ಮುಖ ಅರ್ಧಂಬರ್ಧ. ಅಲಗಿಗಾದರೆ ಎರಡೂ ಕಡೆ ತುಂಡು ನಿಲ್ಲಿಸಬಹುದು. ಮಡಚುವ ಚಾಕುವಿನ ಒಳಗೆ, ಸ್ಪ್ರಿಂಗ್ ಇರುವ ಸಂದಿಯಲ್ಲಿ ಏನು ನಿಲ್ಲಿಸುತ್ತೀರಿ? ನನ್ನ ಚಾಕುಗಳ ತುಕ್ಕು ಮುಕ್ಕಾಲು ಪಾಲು ಇರುವುದೇ ಅಲ್ಲಿ. ಜೊತೆಗೆ ಆ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಸೇರಿ ಅದನ್ನು ಸ್ವಲ್ಪ ಕಾಲ ಪೆಡಸು ಮಾಡಬಹುದು. ತೆಳು ಅಲಗನ್ನು ತೆಗೆದ ತಕ್ಷಣ ಬಗ್ಗಿಸುವುದು, ಮಸೆಯುವುದು ಮಾಡದೆ ಒಂದು ದಿನ ಬಿಡುವುದು ಒಳ್ಳೆಯದು.

ಇನ್ನು ನನ್ನ ಡಬ್ಬಿ. ಕೀಲೇಟರ್ ಕೆಲಸ ಮಾಡುವ ರೀತಿಯೇ ಬೇರೆ. ಅದು ಖಾರದ ಆಸಿಡ್ ಅಲ್ಲ, ಹೆಚ್ಚುಕಡಿಮೆ ನೀರಿನಷ್ಟೇ ಸೌಮ್ಯ. ಅದರಲ್ಲಿರುವ ಅಣುಗಳು ತುಕ್ಕಿನಲ್ಲಿರುವ ಕಬ್ಬಿಣವನ್ನು ಕಚ್ಚಿ ಹಿಡಿದು ಬಿಡಿಸಿಕೊಳ್ಳುತ್ತವೆ, ಗಟ್ಟಿ ಲೋಹದ ಗೊಡವೆಗೆ ಹೋಗುವುದಿಲ್ಲ. ಬರಿಗೈಯಲ್ಲಿ ಮುಟ್ಟಬಹುದು, ವಾಸನೆ ಇಲ್ಲ, ಹೊಗೆ ಇಲ್ಲ. ಮರೆತು ಇನ್ನೊಂದು ದಿನ ಬಿಟ್ಟರೂ ಮುದ್ರೆ ಹಾಗೇ ಇರುತ್ತದೆ. ಸಂದಿಗೊಂದಿಗೆ ತಾನೇ ಹರಿದು ಹೋಗುವುದರಿಂದ ಮಡಚುವ ಚಾಕುವಿನ ಕೀಲು, ಸ್ಪ್ರಿಂಗ್ ಎಲ್ಲ ಸಡಿಲವಾಗುತ್ತವೆ. ತೆರೆಯಲು ಉಗುರು ಕಿತ್ತು ಬರುವಂತಿದ್ದ ಚಾಕು ‘ಟಕ್’ ಅಂತ ತೆರೆದು ಮುಚ್ಚಿದ ದಿನ ಡಬ್ಬಿಯ ಬೆಲೆ ಮರೆತೇ ಹೋಯಿತು. ಚಳಿಯಲ್ಲಿ ನಿಧಾನ, ಅದಕ್ಕೆ ಪಾತ್ರೆಯನ್ನು ಬಿಸಿನೀರಲ್ಲಿ ಇಟ್ಟರೆ ಆಯಿತು.

ಈಗ ಆ ಕಿರಿಕಿರಿ. ಅಲಗನ್ನು ಅರ್ಧ ಮುಳುಗಿಸಿ ಅರ್ಧ ಹೊರಗೆ ಬಿಟ್ಟರೆ, ದ್ರಾವಣದ ಮೇಲ್ಮಟ್ಟ ಎಲ್ಲಿ ಅಲಗನ್ನು ಮುಟ್ಟುತ್ತದೋ ಸರಿಯಾಗಿ ಅಲ್ಲಿ ಒಂದು ಗೆರೆ ಕೊರೆದುಬಿಡುತ್ತದೆ. ಒರೆಸಿದರೆ ಹೋಗುವ ಕಲೆ ಅಂತ ತಿಳಿಯಬೇಡಿ, ನಿಜವಾಗಿ ಲೋಹದಲ್ಲೇ ಕೊರೆದ ಗೆರೆ, ಉಗುರಿಗೆ ತಗಲುವಷ್ಟು. ಗಾಳಿ ಮತ್ತು ದ್ರವ ಸೇರುವ ಆ ಜಾಗದಲ್ಲಿ ಆಮ್ಲಜನಕ ಜಾಸ್ತಿ, ಕೆಳಗೆ ಕಡಿಮೆ. ಆ ವ್ಯತ್ಯಾಸದಿಂದಲೇ ಅಲ್ಲಿ ಲೋಹ ಸವೆಯುತ್ತದೆ. ಪೂರ್ತಿ ಮುಳುಗಿಸಿ ಅಂತ ಡಬ್ಬಿಯ ಮೇಲೆ ಒಂದು ಸಾಲು ಇರುತ್ತದೆ, ಆದರೆ ಮುಳುಗಿಸದಿದ್ದರೆ ಏನಾಗುತ್ತದೆ ಅಂತ ಇರುವುದಿಲ್ಲ.

ಪೂರ್ತಿ ಮುಳುಗಿಸಿದರೆ ಮುಗಿಯಿತಲ್ಲ ಅನ್ನಬಹುದು. ಕಬ್ಬಿಣದ ಬೋಲ್ಟ್ ಆದರೆ ಮುಗಿಯಿತು. ಚಾಕುವಿಗೆ ಹಿಡಿ ಇದೆಯಲ್ಲ! ಮರದ ಹಿಡಿ ದ್ರವ ಕುಡಿದು ಉಬ್ಬುತ್ತದೆ, ಒಣಗಿದಾಗ ಸೀಳುತ್ತದೆ. ಮೂಳೆ ಕಲೆಯಾಗುತ್ತದೆ. ಹಿಡಿ ಬಿಚ್ಚೋಣ ಅಂದರೆ ಹಳೆ ರಿವೆಟ್ ತೆಗೆಯುವಾಗ ಮೂಳೆ ಬಿರುಕು ಬಿಡುವ ಭಯ, ಮತ್ತೆ ಹೊಸ ರಿವೆಟ್ ಹಾಕಿದರೆ ಸಂಗ್ರಹ ಮಾಡುವವರ ಕಣ್ಣಿಗೆ ಅದು ‘ಬಿಚ್ಚಿದ ಚಾಕು’, ಬೆಲೆ ಇಳಿಯಿತು.

ಇದಕ್ಕೆ ನನಗೆ ಹೊಂದಿದ ದಾರಿ ಸುತ್ತುವುದು. ಹತ್ತಿ ಬಟ್ಟೆಯ ಪಟ್ಟಿಯನ್ನು ದ್ರಾವಣದಲ್ಲಿ ನೆನೆಸಿ ಅಲಗಿಗೆ ಸುತ್ತಿ, ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಬೇಕು. ಹಿಡಿಗೆ ಮೊದಲೇ ಮೇಣ ತಿಕ್ಕಿ ಟೇಪ್ ಹಾಕಿರಬೇಕು. ಬಟ್ಟೆಯಲ್ಲಿ ನೆರಿಗೆ ಇರಬಾರದು, ಒಳಗೆ ಗಾಳಿ ಗುಳ್ಳೆ ಇರಬಾರದು, ಇದ್ದರೆ ನೆರಿಗೆಯ ಚಿತ್ರವೇ ಅಲಗಿನ ಮೇಲೆ ಮೂಡುತ್ತದೆ. ಕೆಲವು ಗಂಟೆಗೊಮ್ಮೆ ಬಿಚ್ಚಿ ಮತ್ತೆ ನೆನೆಸಬೇಕು, ಒಣಗಿದ ಅಂಚಿನಲ್ಲೂ ಅದೇ ಗೆರೆ ಬರುತ್ತದೆ. ಮುಖ್ಯವಾಗಿ, ಸುತ್ತು ಅಲಗಿನ ನಡುವೆ ನಿಲ್ಲಬಾರದು. ಅಲಗು ಹಿಡಿಯೊಳಗೆ ಹೋಗುವ ಅಂಚಿಗೇ ಬಂದು ನಿಲ್ಲಬೇಕು, ಗೆರೆ ಬಂದರೂ ಅಲ್ಲಿ ಕಾಣುವುದಿಲ್ಲ. ಮಡಚುವ ಚಾಕುವಿನ ಕೀಲಿಗಾದರೆ ಡ್ರಾಪರ್‌ನಿಂದ ಹನಿ ಹನಿ ಬಿಟ್ಟು, ಚಾಕುವನ್ನು ಆಗಾಗ ತೆರೆದು ಮುಚ್ಚುತ್ತಿರಬೇಕು.

ಗೆರೆ ಬಂದೇಬಿಟ್ಟರೆ? 600 ನಂಬರಿನ ಉಪ್ಪುಕಾಗದಕ್ಕೆ ಎಣ್ಣೆ ಹಚ್ಚಿ, ಬುಡದಿಂದ ಮೊನೆಯ ಕಡೆಗೆ ಒಂದೇ ದಿಕ್ಕಿನಲ್ಲಿ ಉಜ್ಜಿ. ಮುದ್ರೆಯ ಜಾಗ ಬಿಟ್ಟು ಉಜ್ಜಿ. ಪೂರ್ತಿ ಹೋಗುವವರೆಗೆ ಉಜ್ಜುತ್ತಾ ಕೂತರೆ ಕೀಲೇಟರ್ ಉಳಿಸಿದ ಉಕ್ಕನ್ನು ನೀವೇ ತೆಗೆದ ಹಾಗಾಗುತ್ತದೆ, ಮಸುಕಾದಾಗ ಬಿಟ್ಟುಬಿಡಿ.

ಇನ್ನೊಂದು ಸಣ್ಣ ದೂರು. ಕಾರ್ಬನ್ ಜಾಸ್ತಿ ಇರುವ ಉಕ್ಕು ಕೀಲೇಟರ್‌ನಿಂದ ಹೊರಬಂದಾಗ ಕಪ್ಪುಬೂದು ಪುಡಿ ಅಂಟಿಸಿಕೊಂಡಿರುತ್ತದೆ. ಅತಿ ನಯವಾದ ಸ್ಟೀಲ್ ವುಲ್‌ನಲ್ಲಿ ಎರಡು ಸಲ ಒರೆಸಿದರೆ ಹೋಗುತ್ತದೆ. ಆದರೆ ಹಳೆ ಅಲಗಿನ ಚಂದದ ನೀಲಿಗಪ್ಪು ಪಟಿನಾ (ವರ್ಷಗಳು ಕಳೆದಂತೆ ಅಲಗಿನ ಮೇಲೆ ಕೂರುವ ತೆಳು ಪದರ) ಬೇಕು ಅನ್ನುವವರು ಎಚ್ಚರ, ಅದೂ ಕಬ್ಬಿಣದ ಆಕ್ಸೈಡೇ, ತುಕ್ಕಿನ ಜೊತೆ ಅದೂ ಹೋಗುತ್ತದೆ. ಅಂಥ ಚಾಕುವಿಗೆ ನಾನು ಯಾವ ದ್ರಾವಣವನ್ನೂ ಮುಟ್ಟಿಸುವುದಿಲ್ಲ. ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು, ಶೇವಿಂಗ್ ಬ್ಲೇಡನ್ನು ಓರೆಯಾಗಿ ಹಿಡಿದು ಕೆಂಪು ಚುಕ್ಕೆಗಳನ್ನಷ್ಟೇ ಕೆರೆಯುವುದು. ಕೈ ನೋಯುತ್ತದೆ, ಸಂಜೆಗಳು ಹೋಗುತ್ತವೆ.

ವೈರ್ ಬ್ರಷ್ ಚಕ್ರದ ಬಗ್ಗೆ ಒಂದೇ ಮಾತು, ಬೇಡ. ಚಾಕುವನ್ನು ಕೈಯಿಂದ ಕಿತ್ತು ಎಸೆಯುತ್ತದೆ. ಬಿಸಿಯಾಗಿ ಅಲಗಿನ ಬಾಯಿ ನೀಲಿ ಬಣ್ಣಕ್ಕೆ ತಿರುಗಿತೆಂದರೆ ಅಲ್ಲಿ 300 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗಿದೆ ಅಂತ ಅರ್ಥ, ಹದ ಹೋಯಿತು.

ಹಾಗಾದರೆ ಯಾರಿಗೆ ಯಾವುದು? ನಾನು ಒಂದು ಸಲಕ್ಕೆ ಒಂದೇ ಚಾಕು ಹಿಡಿದು ಕೂರುವವನು, ಅದೂ ರಾತ್ರಿ, ಮನೆಯವರು ಮಲಗಿದ ಮೇಲೆ. ಬಕೆಟ್, ತಂತಿ, ಚಾರ್ಜರ್ ಹರಡಿಕೊಂಡು ಕಾವಲು ಕಾಯುವ ತಾಳ್ಮೆ ಇಲ್ಲ. ಸುತ್ತುವ ವಿಧಾನಕ್ಕೆ ಚಾಕುವಿಗೊಂದು ಸಣ್ಣ ಬಟ್ಟಲು ದ್ರಾವಣ ಸಾಕು, ಅದನ್ನೇ ಸೋಸಿ ಮತ್ತೆ ಬಳಸಬಹುದು, ಕಪ್ಪಾಗಿ ಕೆಲಸ ನಿಲ್ಲಿಸುವವರೆಗೆ. ಹಾಗಾಗಿ ದುಬಾರಿ ಡಬ್ಬಿ ನನಗೆ ಅಷ್ಟು ದುಬಾರಿ ಬೀಳಲಿಲ್ಲ. ಹಿಡಿ ಕಳಚಿದ ದೊಡ್ಡ ಅಲಗುಗಳು, ಕೊಡಲಿ ತಲೆಗಳು ರಾಶಿ ಇರುವವರಿಗೆ, ಹಳೆ ಚಾರ್ಜರ್ ಮೂಲೆಯಲ್ಲಿ ಬಿದ್ದಿರುವವರಿಗೆ ಕರೆಂಟೇ ಸರಿ. ನಾನೂ ಅಷ್ಟು ದೊಡ್ಡದನ್ನು ಕೀಲೇಟರ್‌ನಲ್ಲಿ ಮುಳುಗಿಸಲು ಹೋಗುವುದಿಲ್ಲ, ಡಬ್ಬಿ ಪೂರ್ತಿ ಸುರಿಯಬೇಕಾಗುತ್ತದೆ. ವಿನೆಗರ್‌ಗೆ ನನ್ನ ಹತ್ತಿರ ಉಳಿದಿರುವುದು ಹಿಡಿ ಇಲ್ಲದ, ಮುದ್ರೆ ಇಲ್ಲದ, ಪ್ರಯೋಗಕ್ಕೆ ಅಂತ ಇಟ್ಟ ಅಲಗುಗಳು ಮಾತ್ರ.

ಯಾವುದನ್ನೇ ಬಳಸಿದರೂ ತೊಳೆದ ಮೇಲೆ ಹೇರ್ ಡ್ರೈಯರ್‌ನಲ್ಲಿ ಸಂದಿಗಳನ್ನು ಒಣಗಿಸಿ ಮಿನರಲ್ ಆಯಿಲ್ ಹಚ್ಚಿ. ಚರ್ಮದ ಒರೆಯಲ್ಲಿ ಇಟ್ಟುಬಿಡಬೇಡಿ, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ, ಒರೆಯನ್ನು ಬೇರೆ ಇಡಿ. ಸೆಲ್ಯುಲಾಯ್ಡ್ (ಹಳೆ ಕಾಲದ ಒಂದು ಬಗೆಯ ಪ್ಲಾಸ್ಟಿಕ್) ಹಿಡಿಯ ಹಳೆ ಚಾಕು ಇದ್ದರೆ ಅದನ್ನೂ ಉಳಿದವುಗಳಿಂದ ದೂರ ಇಡಿ. ಅದು ಹಳತಾಗಿ ಕೆಡಲು ಶುರುವಾದರೆ ಅದರಿಂದ ಆಸಿಡ್ ಆವಿ ಹೊರಡುತ್ತದೆ, ಅದೇ ಪೆಟ್ಟಿಗೆಯಲ್ಲಿರುವ ಬೇರೆ ಅಲಗುಗಳಿಗೂ ತುಕ್ಕು ಹತ್ತಿಸುತ್ತದೆ. ಆಗ ಮತ್ತೆ ಡಬ್ಬಿ ಕೊಳ್ಳುವುದೇ ಕೆಲಸವಾಗುತ್ತದೆ.