ಲಿಫ್ಟ್ ಬೇಗ ಬರಬೇಕೆ? ಮೋಟಾರಿಗೆ ಹಣ ಸುರಿಯಬೇಡಿ

ಲಿಫ್ಟ್ ತಡವಾಗಿ ಬರುತ್ತದೆ ಎಂಬ ದೂರಿಗೆ ನಮ್ಮ ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘದ ಮುಂದೆ ಮೂರು ದಾರಿಗಳಿದ್ದವು. ವೇಗದ ಮೋಟಾರ್ ಹಾಕಿಸುವುದು, ಬೇರೆಬೇರೆಯಾಗಿ ಓಡುತ್ತಿದ್ದ ಎರಡು ಲಿಫ್ಟ್‌ಗಳಿಗೆ ಜಂಟಿ ನಿಯಂತ್ರಣ ಕೊಡುವುದು, ಇಲ್ಲವೇ ಹೊಸ ಕಚೇರಿ ಕಟ್ಟಡಗಳಲ್ಲಿರುವಂತೆ ಹೊರಗೇ ಮಹಡಿಯ ಸಂಖ್ಯೆ ಒತ್ತುವ ವ್ಯವಸ್ಥೆ. ಮೊದಲನೆಯದನ್ನು ವೈಟ್‌ಫೀಲ್ಡಿನ ತಂಗಿಯ ಮನೆಯಲ್ಲಿ, ಮೂರನೆಯದನ್ನು ನನ್ನ ಕಚೇರಿಯಲ್ಲಿ ಸಾಕಷ್ಟು ಅನುಭವಿಸಿದ್ದೇನೆ. ನಾವು ಹಾಕಿಸಿದ್ದು ಎರಡನೆಯದು. ನನ್ನ ಮತ ಅದಕ್ಕೇ, ಮುಚ್ಚುಮರೆ ಏನೂ ಇಲ್ಲ.

ಮೋಟಾರಿನ ಲೆಕ್ಕ ನೋಡಿ. ನಮ್ಮದು ನೆಲಮಹಡಿಯ ಮೇಲೆ ಒಂಬತ್ತು ಮಹಡಿ. ಮಹಡಿಗೆ 3 ಮೀಟರ್ ಹಿಡಿದರೆ ಒಟ್ಟು 27 ಮೀಟರ್ ಓಟ. ಹಳೆಯ ಲಿಫ್ಟಿನ ವೇಗ ಸೆಕೆಂಡಿಗೆ 0.68 ಮೀಟರ್, ಅಂದರೆ ತಳದಿಂದ ತುದಿಗೆ ಸುಮಾರು 40 ಸೆಕೆಂಡು. ವೇಗವನ್ನು 1 ಮೀಟರಿಗೆ ಏರಿಸಿದರೆ 27 ಸೆಕೆಂಡು. ಉಳಿತಾಯ 13 ಸೆಕೆಂಡು, ಅದೂ ನಡುವೆ ಎಲ್ಲಿಯೂ ನಿಲ್ಲದಿದ್ದರೆ. ಒಂದು ಮಹಡಿಯಲ್ಲಿ ನಿಂತರೆ ವೇಗ ತಗ್ಗಿಸಿ, ಬಾಗಿಲು ತೆರೆದು, ಕಾದು, ಮುಚ್ಚಿ, ಮತ್ತೆ ವೇಗ ಹಿಡಿಯುವುದರೊಳಗೆ ಹತ್ತು ಸೆಕೆಂಡು ಸುಲಭವಾಗಿ ಕಳೆಯುತ್ತದೆ. ಎರಡು ಕಡೆ ವೃಥಾ ನಿಂತಿತೋ, ಲಕ್ಷಗಟ್ಟಲೆ ಕೊಟ್ಟು ಕೊಂಡ ವೇಗ ಅಲ್ಲಿಗೆ ಸ್ವಾಹಾ. ಮೇಲಾಗಿ ವೇಗ ಹೆಚ್ಚಿಸುವುದೆಂದರೆ ಮೋಟಾರ್ ಒಂದನ್ನೇ ಬದಲಿಸಿದರೆ ಆಗದು. ವೇಗ ಮಿತಿಮೀರಿದ್ದನ್ನು ಗುರುತಿಸುವ ಗವರ್ನರ್, ಆಗ ಲಿಫ್ಟನ್ನು ಹಿಡಿದು ನಿಲ್ಲಿಸುವ ಸೇಫ್ಟಿ ಗೇರ್, ಲಿಫ್ಟ್ ಬಾವಿಯ ತಳದಲ್ಲಿ ಆಘಾತ ತಡೆಯುವ ಬಫರ್ ಎಲ್ಲವೂ ಆ ವೇಗಕ್ಕೆ ತಕ್ಕಂತಿರಬೇಕು.

ವೃಥಾ ನಿಲ್ಲುವುದು ಎಂದರೇನು ಎಂದು ತಿಳಿಯಬೇಕಾದರೆ ತಂಗಿಯ ಮನೆಗೆ ಹೋಗಬೇಕು. ಅಲ್ಲಿನ ಎರಡೂ ಲಿಫ್ಟ್‌ಗಳ ವೇಗ ಸೆಕೆಂಡಿಗೆ 1.5 ಮೀಟರ್. ಆದರೆ ಒಂದೊಂದಕ್ಕೂ ಪ್ರತ್ಯೇಕ ಬಟನ್. ಗೋಡೆಯ ಮೇಲೆ ‘ದಯವಿಟ್ಟು ಒಂದೇ ಬಟನ್ ಒತ್ತಿ’ ಎಂಬ ಲ್ಯಾಮಿನೇಟ್ ಮಾಡಿದ ಹಾಳೆ, ಅದರ ಕೆಳಗೆ ಎರಡೂ ಬಟನ್‌ಗಳಲ್ಲಿ ಉರಿಯುತ್ತಿರುವ ಕೆಂಪು ದೀಪ. ಮೊದಲು ಬಂದ ಲಿಫ್ಟಿಗೆ ಜನ ಹತ್ತಿ ಹೋಗುತ್ತಾರೆ. ಎರಡನೆಯದು ಆಮೇಲೆ ಬಂದು, ಖಾಲಿ ಮೊಗಸಾಲೆಗೆ ಬಾಗಿಲು ತೆರೆದು, ಯಾರೂ ಇಲ್ಲವೆಂದು ಮುಚ್ಚಿಕೊಂಡು ಹೊರಡುತ್ತದೆ. ಒಳಗಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. "ಒಂದನ್ನೇ ಒತ್ತಿದರೆ ಅದೇ ತಡವಾಗಿ ಬರುತ್ತದಲ್ಲ ಅಣ್ಣಾ" ಎನ್ನುತ್ತಾಳೆ ತಂಗಿ. ಅವಳ ಮಾತಿನಲ್ಲಿ ತಪ್ಪಿಲ್ಲ. ತಪ್ಪು ಇರುವುದು ಅವಳಿಗೆ ಎರಡು ಬಟನ್ ಕೊಟ್ಟವರಲ್ಲಿ.

ಇನ್ನು ಕಚೇರಿಯದು. ಹೊರಗಿನ ಫಲಕದಲ್ಲಿ 11 ಒತ್ತಿದರೆ ‘ಸಿ ಲಿಫ್ಟಿಗೆ ಹೋಗಿ’ ಎನ್ನುತ್ತದೆ. ಒಂದೇ ಕಡೆಗೆ ಹೋಗುವವರನ್ನು ಒಂದೇ ಲಿಫ್ಟಿಗೆ ತುಂಬಿ ನಿಲುಗಡೆ ಕಡಿಮೆ ಮಾಡುವುದು ಇದರ ಗುಟ್ಟು. ಸಿಡ್ನಿಯ ಎಂಜಿನಿಯರ್ ಲಿಯೋ ಪೋರ್ಟ್ 1961ರಲ್ಲೇ ಈ ಉಪಾಯಕ್ಕೆ ಪೇಟೆಂಟ್ ಪಡೆದಿದ್ದರು. ಮುಂದೆ ಅವರು ಆ ನಗರದ ಮೇಯರ್ ಕೂಡ ಆದರು. ಅಷ್ಟೊಂದು ಲೆಕ್ಕ ಹಾಕಬಲ್ಲ ಕಂಪ್ಯೂಟರ್ ಅಂದಿನ ಲಿಫ್ಟಿಗೆ ಎಲ್ಲಿತ್ತು? ವ್ಯಾಪಕ ಬಳಕೆಗೆ ಬರಲು 1990ರ ದಶಕವೇ ಬೇಕಾಯಿತು. ಬೆಳಿಗ್ಗೆ ಒಂಬತ್ತೂವರೆಯ ನೂಕುನುಗ್ಗಲಿಗೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಊಟದ ಹೊತ್ತಿಗೆ ಮಾತ್ರ ಬಣ್ಣ ಬಯಲಾಗುತ್ತದೆ. ಐವರು ಹರಟುತ್ತಾ ಬರುತ್ತಾರೆ, ಒಬ್ಬ ಸಂಖ್ಯೆ ಒತ್ತುತ್ತಾನೆ, ಐವರೂ ನುಗ್ಗುತ್ತಾರೆ. ಯಂತ್ರದ ಲೆಕ್ಕದಲ್ಲಿ ಅವರು ಒಬ್ಬರೇ. ಉಳಿದ ನಾಲ್ವರ ಜಾಗವನ್ನು ಅದು ಬೇರೆಯವರಿಗೆ ಹಂಚಿರುತ್ತದೆ. ಎರಡೇ ಲಿಫ್ಟಿರುವ ವಸತಿ ಕಟ್ಟಡಕ್ಕೆ, ಕನ್ನಡಕ ಮರೆತು ಬರುವ ಅಜ್ಜಂದಿರಿಗೆ, ಇದು ಬೇಡದ ತಲೆನೋವು.

ಕೈಯಲ್ಲಿ ಎಳೆಯುವ ಜಾಲರಿ ಗೇಟಿನ ಲಿಫ್ಟ್ ಇರುವವರು ಈ ಹೋಲಿಕೆಯನ್ನೇ ಓದಬೇಡಿ. ಮೇಲೆ ಯಾರೋ ಗೇಟು ಹಾಕದೆ ಹೋದರೆ ಯಾವ ನಿಯಂತ್ರಣವೂ ಅದನ್ನು ಕದಲಿಸದು.

ಜಂಟಿ ನಿಯಂತ್ರಣದಲ್ಲಿ ಎರಡೂ ಲಿಫ್ಟಿಗೆ ಸೇರಿ ಮಹಡಿಗೆ ಒಂದೇ ಬಟನ್ ಜೋಡಿ: ಮೇಲಕ್ಕೆ, ಕೆಳಕ್ಕೆ. ಯಾವುದು ಹತ್ತಿರವಿದೆಯೋ, ಅದೇ ದಿಕ್ಕಿಗೆ ಬರುತ್ತಿದೆಯೋ ಅದೊಂದೇ ಬರುತ್ತದೆ. ಸಂಡಿಗೆ ಒಣಹಾಕಲು ತಾರಸಿಗೆ ಹೋಗುವವರನ್ನು ಮೊದಲು ಕೆಳಗೆ ಕರೆದೊಯ್ಯುವುದೂ ತಪ್ಪಿದೆ.

ಇಷ್ಟು ಮೆಚ್ಚಿದರೂ ಇದರಲ್ಲಿ ಒಂದು ಕಿರಿಕಿರಿ ಇತ್ತು, ಅದು ನಮ್ಮನ್ನು ಚೆನ್ನಾಗಿಯೇ ಸತಾಯಿಸಿತು. ಗ್ಯಾಸ್ ತರುವ ಹುಡುಗ ಏಳನೆಯ ಮಹಡಿಯಲ್ಲಿ ಲಿಫ್ಟಿನ ಹೊಸ್ತಿಲ ಮೇಲೆ ಒಂದು ಸಿಲಿಂಡರ್ ನಿಲ್ಲಿಸಿ, ಇನ್ನೊಂದನ್ನು ಹೆಗಲಿಗೇರಿಸಿಕೊಂಡು ಮನೆಯೊಳಗೆ ಹೋಗುತ್ತಾನೆ. ಬಾಗಿಲು ಮುಚ್ಚಲು ಬರುತ್ತದೆ, ಅಂಚಿನ ಸೆನ್ಸರ್ ಸಿಲಿಂಡರನ್ನು ಕಂಡು ತಡೆಯುತ್ತದೆ, ಬಾಗಿಲು ಹಿಂದಕ್ಕೆ ಸರಿಯುತ್ತದೆ, ಮತ್ತೆ ಬರುತ್ತದೆ. ಆರನೆಯ ಮಹಡಿಯಲ್ಲಿ ನಾನು ಬಟನ್ ಒತ್ತಿರುತ್ತೇನೆ. ಹತ್ತಿರದ ಲಿಫ್ಟ್ ಏಳರಲ್ಲಿದೆ, ಹಾಗಾಗಿ ನನ್ನ ಕರೆ ಅದರ ಪಾಲಿಗೆ. ನೆಲಮಹಡಿಯಲ್ಲಿ ಇನ್ನೊಂದು ಲಿಫ್ಟ್ ಖಾಲಿ ನಿಂತು, ನನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ‘0’ ತೋರಿಸುತ್ತಿರುತ್ತದೆ. ಹಳೆಯ ವ್ಯವಸ್ಥೆಯಲ್ಲಾದರೆ ಪಕ್ಕದ ಬಟನ್ ಒತ್ತಿ ಅದನ್ನು ಕರೆಸಿಕೊಳ್ಳಬಹುದಿತ್ತು. ಈಗ ಇರುವುದೇ ಒಂದು ಬಟನ್. ಎಷ್ಟು ಸಲ ಒತ್ತಿದರೂ ಅದು ಈಗಾಗಲೇ ಒತ್ತಿದ ಬಟನ್.

ಮನೆ ಬದಲಿಸುವವರು ಬೀರು ಸಾಗಿಸುವ ದಿನವಂತೂ ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ ಬೈಗುಳದ ಸುರಿಮಳೆ. ‘ಹಳೆಯದೇ ವಾಸಿಯಿತ್ತು’ ಎಂದವರಿಗೆ ಉತ್ತರ ಕೊಡಲು ನನ್ನಲ್ಲೂ ಏನೂ ಇರಲಿಲ್ಲ. ದೂರು ಕೊಟ್ಟಾಗಲೆಲ್ಲ ಯಂತ್ರ ಸರಿಯಿದೆ ಎಂದೇ ಕಂಪನಿಯವರ ಉತ್ತರ. ಕೊನೆಗೆ ಬಂದ ಮೆಕ್ಯಾನಿಕ್ ತಾರಸಿಯ ಮೆಷಿನ್ ಕೋಣೆಗೆ ಹತ್ತಿ, ಅಂಗೈಯಗಲದ ಕೀಪ್ಯಾಡನ್ನು ಕಂಟ್ರೋಲ್ ಪೆಟ್ಟಿಗೆಗೆ ಸಿಕ್ಕಿಸಿ, ಒಂದು ಸಂಖ್ಯೆ ಬದಲಿಸಿ ಇಳಿದು ಬಂದ. "ಇದಕ್ಕೆ ಸೆಟ್ಟಿಂಗ್ ಇದೆ ಸರ್. ಕೇಳಿದರೆ ಹಾಕಿಕೊಡುತ್ತೇವೆ." ಈಗ ಬಾಗಿಲು 30 ಸೆಕೆಂಡಿಗಿಂತ ಹೆಚ್ಚು ಹೊತ್ತು ತಡೆಯಲ್ಪಟ್ಟರೆ ಆ ಲಿಫ್ಟ್ ಜೋಡಿಯಿಂದ ಹೊರಗುಳಿಯುತ್ತದೆ, ಕರೆ ಇನ್ನೊಂದಕ್ಕೆ ದಾಟುತ್ತದೆ. ಖರ್ಚು ಸೊನ್ನೆ.

ನಾನು ಆರನೆಯ ಮಹಡಿಯವನು, ಮಗಳ ಶಾಲಾ ವ್ಯಾನ್ ಹಿಡಿಯುವ ಹೊತ್ತಿಗೆ ಇಳಿಯುವವನು. ಲಿಫ್ಟಿನೊಳಗೆ ಹತ್ತು ಸೆಕೆಂಡು ಹೆಚ್ಚು ನಿಲ್ಲುವುದು ನನಗೆ ಲೆಕ್ಕಕ್ಕಿಲ್ಲ, ಹೊರಗೆ ಕಾಯುವುದು ಆಗದು. ಮೋಟಾರ್ ಬದಲಿಸುವ ಅಂದಾಜು ಪಟ್ಟಿಯ ಅರ್ಧಕ್ಕೂ ಕಡಿಮೆಯಲ್ಲಿ ಕೆಲಸ ಮುಗಿದದ್ದರಿಂದ ನಿರ್ವಹಣಾ ಶುಲ್ಕವೂ ಏರಲಿಲ್ಲ. ಇಪ್ಪತ್ತು ಮಹಡಿಯ ಕಟ್ಟಡದವರಿಗೆ ವೇಗವೂ ಬೇಕಾದೀತು, ಅವರ ಲೆಕ್ಕ ಬೇರೆ. ಹತ್ತು ಮಹಡಿಯೊಳಗೆ ಎರಡು ಲಿಫ್ಟ್ ಇರುವವರು ಜಂಟಿ ನಿಯಂತ್ರಣವನ್ನೇ ಹಾಕಿಸಿ. ಆದರೆ ಮುಂಗಡ ಕೊಡುವ ಮೊದಲು ಎರಡು ವಿಷಯ ಬರಹದಲ್ಲಿ ಪಡೆಯಿರಿ: ಬಾಗಿಲು ತಡೆಹಿಡಿದರೆ ಎಷ್ಟು ಸೆಕೆಂಡಿಗೆ ಕರೆ ದಾಟುತ್ತದೆ, ಮತ್ತು ಕೆಲಸವಿಲ್ಲದಾಗ ಎರಡು ಲಿಫ್ಟ್‌ಗಳು ಯಾವ ಯಾವ ಮಹಡಿಯಲ್ಲಿ ನಿಲ್ಲುತ್ತವೆ. ನಮ್ಮಲ್ಲಿ ಒಂದು ನೆಲಮಹಡಿಯಲ್ಲಿ, ಇನ್ನೊಂದು ಐದರಲ್ಲಿ.