ಠಾಣೆಯ ಫ್ಲ್ಯಾಟಿನಲ್ಲಿ ಓಕ್ ನೆಲ: ಹಲಗೆ ಚೆನ್ನ, ತಳದ ಕೆಲಸ ಅರೆಬರೆ

ಘೋಡ್‌ಬಂದರ್ ರಸ್ತೆಯ ಒಂದು ಫ್ಲೋರಿಂಗ್ ಮಳಿಗೆ ಎಂಜಿನಿಯರ್ಡ್ ಓಕ್ ಹಲಗೆ ಮಾರುತ್ತದೆ, ತನ್ನದೇ ತಂಡದಿಂದ ಹಾಕಿಸಿಯೂ ಕೊಡುತ್ತದೆ. ಠಾಣೆಯ ಕನ್ನಡಿಗರೊಬ್ಬರ ಮನೆಯ ಎರಡು ಕೋಣೆಗಳಲ್ಲಿ ಆ ತಂಡ ಮಾಡಿದ ಕೆಲಸದ ವಿಮರ್ಶೆ ಇದು. ಹಲಗೆಯಲ್ಲಿ ಹುಳುಕಿಲ್ಲ, ಜೋಡಿಸುವ ಕೈಯೂ ಪಳಗಿದೆ. ಆದರೆ ಹಲಗೆಯ ಕೆಳಗಿನ ನೆಲವನ್ನು ಹದ ಮಾಡುವಲ್ಲಿ ತಂಡ ಅವಸರ ಮಾಡಿತು. ಮುಂಬೈ ಕಡೆಯ ಹವೆಯಲ್ಲಿ ಮರದ ನೆಲ ಬಾಳುವುದೂ ಹಾಳಾಗುವುದೂ ಅಲ್ಲಿಂದಲೇ.

ಹಲಗೆ 14 ಮಿ.ಮೀ. ದಪ್ಪ, 190 ಮಿ.ಮೀ. ಅಗಲ. ಮೇಲ್ಪದರ 3 ಮಿ.ಮೀ. ಅಪ್ಪಟ ಓಕ್, ಕೆಳಗೆ ಒಂದಕ್ಕೊಂದು ಅಡ್ಡವಾಗಿ ಅಂಟಿಸಿದ ಬರ್ಚ್ ಪ್ಲೈ. ಮಳಿಗೆಗೆ ಹೋದವರು ತುಂಡೊಂದನ್ನು ಕೇಳಿ ತೆಗೆದುಕೊಂಡು ಅದರ ಕೊಯ್ದ ಅಂಚನ್ನು ನೋಡಬೇಕು. ಮೇಲ್ಪದರ 3 ಮಿ.ಮೀ. ಇದ್ದರೆ ಮುಂದೆ ಒಂದೆರಡು ಸಲ ಉಜ್ಜಿಸಿ ಹೊಸದಾಗಿ ಪಾಲಿಶ್ ಮಾಡಿಸಬಹುದು. 0.6 ಮಿ.ಮೀ. ವೆನೀರ್ ಆದರೆ ಉಜ್ಜುವ ಯಂತ್ರ ಇಟ್ಟ ಕೂಡಲೇ ಪ್ಲೈ ಬಯಲಾಗುತ್ತದೆ. ಹತ್ತು ಹನ್ನೆರಡು ಅಡಿಯ ಕೋಣೆ 120 ಚದರಡಿ. ಕತ್ತರಿಸುವಾಗ ಹೋಗುವ ತುಂಡುಗಳಿಗೆ ಶೇ. 10 ಸೇರಿಸಿ 132 ತರಿಸಿದರೆ ಸಾಕು.

ಪ್ಲೈ ಬೇಡ, ಗಟ್ಟಿ ಮರವೇ ಬೇಕು ಎನ್ನುವವರು ಒಂದು ಲೆಕ್ಕ ನೋಡಬೇಕು. ಗಾಳಿಯ ಆರ್ದ್ರತೆ ಶೇ. 50 ಇರುವ ಕಡೆ ಮರದೊಳಗಿನ ತೇವ ಸುಮಾರು ಶೇ. 9ಕ್ಕೆ ನಿಲ್ಲುತ್ತದೆ, ಆರ್ದ್ರತೆ ಶೇ. 80 ಆದರೆ ಶೇ. 16ರ ಹತ್ತಿರ ಹೋಗುತ್ತದೆ. ಇಲ್ಲಿ ಜುಲೈ, ಆಗಸ್ಟ್ ತಿಂಗಳಲ್ಲಿ ಶೇ. 80 ಮಾಮೂಲು. ಮರದ ತೇವ ಬರೀ 4 ಶೇಕಡಾ ಅಂಶ ಏರಿದರೂ 125 ಮಿ.ಮೀ. ಅಗಲದ ಗಟ್ಟಿ ಓಕ್ ಹಲಗೆ ಅಡ್ಡಕ್ಕೆ 1.8 ಮಿ.ಮೀ. ತನಕ ಹಿಗ್ಗಬಹುದು. ತೇಗ ಅದರ ಅರ್ಧದಷ್ಟು. ಇಪ್ಪತ್ತು ಸಾಲು ಒಟ್ಟಿಗೆ ಹಿಗ್ಗಿದರೆ ಹಿಗ್ಗಲೆಂದು ಗೋಡೆ ಬದಿ ಬಿಟ್ಟ ಸಂದು ಎಲ್ಲಿ ಸಾಲುತ್ತದೆ? ನಡುವೆ ನೆಲ ಉಬ್ಬುತ್ತದೆ. ಅಡ್ಡಡ್ಡ ಪದರಗಳ ಪ್ಲೈ ಈ ಹಿಗ್ಗುವಿಕೆಯನ್ನು ಹಿಡಿದಿಡುತ್ತದೆ. ಸಮುದ್ರದ ಹತ್ತಿರದ ಊರಿಗೆ ಎಂಜಿನಿಯರ್ಡ್ ಹಲಗೆ ಹೊಂದುವುದು ಇದೇ ಕಾರಣಕ್ಕೆ.

ಮನೆಯಲ್ಲಿ ಮೊದಲಿದ್ದುದು ಎರಡಡಿಯ ವಿಟ್ರಿಫೈಡ್ ಟೈಲ್ಸ್. ತಂಡ ಅದನ್ನು ಒಡೆಯದೆ ಮೇಲೆಯೇ ಹಾಸಲು ಹೇಳಿತು. ಒಳ್ಳೆಯ ಸಲಹೆ. ಒಡೆದರೆ ಸೊಸೈಟಿಯ ಅನುಮತಿ ಬೇಕು, ರಾಬಿಟ್ (ಒಡೆದ ಚೂರುಗಳ ರಾಶಿ) ಇಳಿಸಲು ಲಿಫ್ಟಿನ ತಕರಾರು, ಮೇಲೆ ಹೊಸ ಕೋಬಾ (ಟೈಲ್ಸ್ ಕೆಳಗಿನ ಸಿಮೆಂಟಿನ ಭರ್ತಿ) ಒಣಗುವ ತನಕ ಕಾಯಬೇಕು. ಸಿಮೆಂಟ್ ನೆಲ 25 ಮಿ.ಮೀ. ದಪ್ಪಕ್ಕೆ ಒಂದು ತಿಂಗಳಂತೆ ಒಣಗುತ್ತದೆ ಎಂಬುದು ಒಣಹವೆಯ ಅಂದಾಜು. ಮಳೆಗಾಲದಲ್ಲಿ ಅದನ್ನು ನಂಬುವಂತಿಲ್ಲ. ಟೈಲ್ಸ್ ಉಳಿಸಿಕೊಳ್ಳುವುದಾದರೆ ಪ್ರತಿಯೊಂದನ್ನೂ ಹಲಸಿನ ಹಣ್ಣು ತಟ್ಟುವ ಹಾಗೆ ತಟ್ಟಿ ಕೇಳಬೇಕು. ಮಿಸ್ತ್ರಿ ಸುತ್ತಿಗೆಯ ಮರದ ಹಿಡಿಯಿಂದ ಇಡೀ ಕೋಣೆ ತಟ್ಟಿ, ಟೊಳ್ಳು ಸದ್ದು ಬಂದವಕ್ಕೆ ಸೀಮೆಸುಣ್ಣದ ಗೆರೆ ಎಳೆದ. ಅಲುಗಾಡುವವನ್ನು ಕಿತ್ತು, ಗುಂಡಿಗೆ ರಿಪೇರಿ ಮಾರ್ಟರ್ ತುಂಬಿ ಸಮ ಮಾಡಿದ. ಈ ಹಂತ ಅಚ್ಚುಕಟ್ಟು.

ತೇವದ ಪರೀಕ್ಷೆಯಲ್ಲಿ ತಂಡ ಎಡವಿತು. ಕೋಣೆಯ ನಡುವೆ, ಟೈಲ್ಸ್ ಮೇಲೆಯೇ, ಪ್ಲಾಸ್ಟಿಕ್ ಹಾಳೆ ಅಂಟಿಸಿ ಮರುದಿನ ತೆಗೆದು "ನೆಲ ಒಣಗಿದೆ" ಎಂದಿತು. ಈ ಪರೀಕ್ಷೆಗೆ ಅರ್ಥವಿಲ್ಲ. ವಿಟ್ರಿಫೈಡ್ ಟೈಲ್ ತೇವವನ್ನು ಮೇಲೆ ಬಿಡುವುದೇ ಇಲ್ಲ, ಹಾಳೆಯ ಕೆಳಗೆ ಏನು ಕಂಡೀತು? ಬಾತ್‌ರೂಮಿನ ಗೋಡೆ ಪಕ್ಕದ ಒಂದು ಟೈಲ್ ತೆಗೆದು, ಬರಿಯ ಸಿಮೆಂಟಿನ ಮೇಲೆ 18 ಇಂಚು ಚೌಕದ ಪಾರದರ್ಶಕ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ಕನಿಷ್ಠ 16 ಗಂಟೆ ಬಿಡಬೇಕು. ಮನೆಯವರು ಪಟ್ಟು ಹಿಡಿದು ಹಾಗೆ ಮಾಡಿಸಿದಾಗ ಹಾಳೆಯ ಒಳಮೈಯಲ್ಲಿ ಸಾಸಿವೆ ಗಾತ್ರದ ಹನಿಗಳು ಕೂತಿದ್ದವು, ಕೆಳಗಿನ ಸಿಮೆಂಟ್ ಬಾತ್‌ರೂಮಿನ ಬದಿಗೆ ಕಪ್ಪಾಗಿತ್ತು. ಬಾತ್‌ರೂಮಿನ ತಗ್ಗು ಸ್ಲ್ಯಾಬಿನಲ್ಲಿ ಡ್ರೈನ್ ಪೈಪಿನ ಜೋಡಣೆ ಸೋರಿ, ತುಂಬಿದ ಕೋಬಾದ ಮೂಲಕ ನೀರು ಈಚೆಗೆ ಹರಿಯುತ್ತಿತ್ತು.

ಇದಕ್ಕೆ ತಂಡದ ಉತ್ತರ: "ಪ್ಲಾಸ್ಟಿಕ್ ಹಾಸ್ತೀವಲ್ಲ, ಏನೂ ಆಗಲ್ಲ ಸಾರ್." ಆಗುತ್ತದೆ. 200 ಮೈಕ್ರಾನ್ ಪಾಲಿಥೀನ್ ತಡೆಯುವುದು ಸಿಮೆಂಟಿನಿಂದ ಏಳುವ ಆವಿಯನ್ನು. ಹರಿಯುವ ನೀರು ಹಾಳೆಯ ಕೆಳಗೇ ಓಡಿ ಗೋಡೆಯ ಅಂಚಿನಲ್ಲಿ ಮೇಲೆ ಬರುತ್ತದೆ, ಹಲಗೆಯ ತುದಿಗಳಿರುವುದೂ ಅಲ್ಲೇ. ತುದಿ ಕಪ್ಪಾಗಿ, ಪ್ಲೈ ಪದರ ಬಿಡುವ ತನಕ ಹೊರಗೆ ಗೊತ್ತಾಗುವುದಿಲ್ಲ. ಸೋರುವ ಜಾಗವನ್ನು ಪ್ಲಂಬರ್ ಸರಿಮಾಡಿ, ಅದೇ ಜಾಗದ ಹಾಳೆ ಪರೀಕ್ಷೆ ಮತ್ತೆ ಒಣಗಿ ಬರುವ ತನಕ ಒಂದು ಹಲಗೆಯನ್ನೂ ಹಾಸಬಾರದು. ಇನ್ನೂ ಖಚಿತ ಬೇಕಿದ್ದರೆ ಸ್ಲ್ಯಾಬಿಗೆ ತೂತು ಕೊರೆದು ಆರ್ದ್ರತೆಯ ಪ್ರೋಬ್ ಇಡುತ್ತಾರೆ. ಮರದ ನೆಲಕ್ಕೆ ಸಾಮಾನ್ಯವಾಗಿ ಶೇ. 75 ಮಿತಿ. ಈ ತಂಡದ ಬಳಿ ಆ ಉಪಕರಣ ಇಲ್ಲ.

ಮಟ್ಟದ ವಿಷಯದಲ್ಲೂ ಅದೇ ಅವಸರ. ಎರಡು ಮೀಟರಿನ ಅಲ್ಯುಮಿನಿಯಂ ಪಟ್ಟಿಯನ್ನು ನೆಲದ ಮೇಲೆ ಎಲ್ಲಿಟ್ಟರೂ ಕೆಳಗೆ 3 ಮಿ.ಮೀ.ಗಿಂತ ಹೆಚ್ಚು ಸಂದು ಇರಬಾರದು. ಬಾಗಿಲ ಹತ್ತಿರ 6 ಮಿ.ಮೀ. ತಗ್ಗಿತ್ತು. ಅಲ್ಲಿ ಹಲಗೆಯ ಕೆಳಗೆ ಹಾಸುವ ಫೋಮ್ ಎರಡು ಪದರ ಹಾಕಿದರಾಯಿತು ಎಂದಿತು ತಂಡ. ಫೋಮ್ ಕಾಲಿನ ಭಾರಕ್ಕೆ ಕುಸಿಯುತ್ತದೆ, ಪ್ರತಿ ಹೆಜ್ಜೆಗೂ ಹಲಗೆಗಳನ್ನು ಒಂದಕ್ಕೊಂದು ಸಿಕ್ಕಿಸುವ ಕ್ಲಿಕ್ ಲಾಕ್ ಬಾಗಿ ಕಿರ್ರೆನ್ನುತ್ತದೆ, ಕೊನೆಗೆ ಮುರಿಯುತ್ತದೆ. ಆಮೇಲೆ ಆ ಹಲಗೆ ಬದಲಿಸಲು ಗೋಡೆಯಿಂದ ಅಲ್ಲಿವರೆಗೆ ಬಿಚ್ಚಬೇಕು. ತಗ್ಗಿಗೆ ಮದ್ದು ಸೆಲ್ಫ್ ಲೆವೆಲಿಂಗ್ ಕಾಂಪೌಂಡ್, ಅಂದರೆ ಸುರಿದರೆ ತಾನೇ ಹರಡಿ ಮಟ್ಟವಾಗುವ ಸಿಮೆಂಟ್ ಮಿಶ್ರಣ. ಟೈಲ್ಸ್ ಮೇಲಿನ ಎಣ್ಣೆ, ಮೇಣ ತೊಳೆದು, ಗ್ರೈಂಡರಿನಿಂದ ಹೊಳಪು ಕೆರೆದು, ನೀರು ಹೀರದ ನೆಲಕ್ಕೆಂದೇ ಇರುವ ಪ್ರೈಮರ್ ಹಚ್ಚಿ, ಮೇಲೆ ಸುರಿಯಬೇಕು. ಒಂದು ಚದರ ಮೀಟರಿಗೆ 1 ಮಿ.ಮೀ. ದಪ್ಪಕ್ಕೆ ಸುಮಾರು 1.7 ಕೆ.ಜಿ. ಬೇಕು, 25 ಕೆ.ಜಿ. ಚೀಲ 3 ಮಿ.ಮೀ. ದಪ್ಪದಲ್ಲಿ ಐದು ಚದರ ಮೀಟರಿಗೆ ಬರುತ್ತದೆ. ನೀರು ಚೀಲದ ಮೇಲೆ ಬರೆದಷ್ಟೇ, ಅಳೆದು. ಸಲೀಸಾಗಿ ಹರಿಯಲೆಂದು ಒಂದು ಮಗ್ ಹೆಚ್ಚು ಸುರಿದರೆ ಮೇಲ್ಮೈ ಒಣಗಿದ ಮೇಲೆ ಬೆರಳಿಗೆ ಸುಣ್ಣದಂತೆ ಅಂಟುತ್ತದೆ. ಪ್ರೈಮರ್ ಬಿಟ್ಟರೆ ಚಿಪ್ಪು ಚಿಪ್ಪಾಗಿ ಏಳುತ್ತದೆ. ಸುರಿದ ಮೇಲೆ ಮುಳ್ಳಿನ ರೋಲರ್ ಆಡಿಸಿ ಗುಳ್ಳೆ ಒಡೆಯಬೇಕು, ಫ್ಯಾನ್ ಹಾಕಬಾರದು. ಮನೆಯವರು ಹಟ ಹಿಡಿದ ಮೇಲೆ ತಂಡ ಇದನ್ನು ಮಾಡಿತು, ಮಾಡಿದ್ದು ಚೆನ್ನಾಗಿಯೇ ಇದೆ. ಕೇಳದಿದ್ದರೆ ಮಾಡುತ್ತಿರಲಿಲ್ಲ ಎಂಬುದೇ ನಮ್ಮ ಆಕ್ಷೇಪ. ಗಿರ್ಗಾಂವ್ ಕಡೆಯ ಮರದ ತೊಲೆಗಳ ಹಳೆ ಕಟ್ಟಡದಲ್ಲಿರುವವರು ಮಾತ್ರ ಎಂಜಿನಿಯರನ್ನು ಕೇಳದೆ ಇದನ್ನು ಸುರಿಸಬಾರದು, 10 ಮಿ.ಮೀ. ದಪ್ಪವೆಂದರೆ ಚದರ ಮೀಟರಿಗೆ 17 ಕೆ.ಜಿ. ಭಾರ.

ಹಾಸುವ ಕೆಲಸದಲ್ಲಿ ತಪ್ಪು ಹುಡುಕುವುದು ಕಷ್ಟ. ಪೆಟ್ಟಿಗೆಗಳನ್ನು ಒಡೆಯದೆ, ಮಲಗಿಸಿ, ಅದೇ ಕೋಣೆಯಲ್ಲಿ ಮೂರು ದಿನ ಇಟ್ಟರು. ಪಾಲಿಥೀನ್ ಹಾಳೆ ಒಂದರ ಮೇಲೊಂದು 200 ಮಿ.ಮೀ. ಬರುವಂತೆ ಹಾಸಿ ಟೇಪ್ ಹಾಕಿ, ಗೋಡೆಗೆ 50 ಮಿ.ಮೀ. ಏರಿಸಿದರು. ಮೇಲೆ 2 ಮಿ.ಮೀ. ಫೋಮ್. ಮಿಸ್ತ್ರಿ ಮೊದಲ ಹಲಗೆ ಇಡುವ ಮುಂಚೆ ಲೆಕ್ಕ ಹಾಕಿದ್ದು ಮೆಚ್ಚಬೇಕಾದ್ದು. ಕೋಣೆಯ ಅಗಲ 3,300 ಮಿ.ಮೀ.; ಎರಡೂ ಬದಿ 12ರಂತೆ ಸಂದು ಕಳೆದರೆ 3,276. ಇದರಲ್ಲಿ 190ರ ಹದಿನೇಳು ಸಾಲು ಹೋಗಿ ಕೊನೆಗೆ 46 ಮಿ.ಮೀ. ಚಿಂದಿ ಉಳಿಯುತ್ತದೆ. ಅಷ್ಟು ಕಿರಿದಾದ ಸಾಲು ನಿಲ್ಲುವುದಿಲ್ಲ. ಹಾಗಾಗಿ ಮೊದಲ ಸಾಲನ್ನೂ ಕೊನೆಯ ಸಾಲನ್ನೂ 118ಕ್ಕೆ ಕೊಯ್ದು, ನಡುವೆ ಹದಿನಾರು ಇಡೀ ಸಾಲು ಕೂರಿಸಿದ. ಅಕ್ಕಪಕ್ಕದ ಸಾಲುಗಳ ತುದಿಜೋಡಣೆ ಎಲ್ಲೂ 300 ಮಿ.ಮೀ.ಗಿಂತ ಹತ್ತಿರ ಬಂದಿಲ್ಲ. ಸ್ಕರ್ಟಿಂಗ್ ಪಟ್ಟಿಯನ್ನು ಗೋಡೆಗೆ ಹೊಡೆದಿದ್ದಾರೆ, ಹಲಗೆಗಲ್ಲ.

ಎರಡು ಕಡೆ ನಾವಾಗಿಯೇ ಹೇಳಿ ಮಾಡಿಸಬೇಕು. ನೆಲದಿಂದ ಛಾವಣಿ ತನಕದ ವಾರ್ಡ್‌ರೋಬನ್ನು ತೇಲುವ ನೆಲದ (ತಳಕ್ಕೆ ಅಂಟಿಸದೆ, ಮೊಳೆ ಹೊಡೆಯದೆ ಹಾಸಿದ ಇಂಥ ನೆಲದ) ಮೇಲೆ ಕೂರಿಸಿ ಸ್ಕ್ರೂ ಹೊಡೆದರೆ ನೆಲ ಅಲ್ಲಿ ಸಿಕ್ಕಿಹಾಕಿಕೊಂಡು ಇನ್ನೊಂದು ಬದಿ ಉಬ್ಬುತ್ತದೆ. ವಾರ್ಡ್‌ರೋಬ್ ಮೊದಲು, ಹಲಗೆ ಅದರ ಬುಡದ ತನಕ, ಮಧ್ಯೆ ಅದೇ 12 ಮಿ.ಮೀ. ಸಂದು. ಈ ತಂಡ ಬಡಗಿಯ ಜತೆ ಮಾತಾಡುವ ಗೋಜಿಗೇ ಹೋಗಲಿಲ್ಲ. ಇನ್ನೊಂದು, ಬಾಲ್ಕನಿಯ ಸ್ಲೈಡಿಂಗ್ ಬಾಗಿಲು. ಆಗಸ್ಟಿನ ಗಾಳಿಮಳೆಗೆ ಅದರ ಹಳಿಯಿಂದ ನೀರು ಒಳಬರುತ್ತದೆ. ಹಲಗೆಯನ್ನು ಹಳಿಗೆ ತಾಗಿಸದೆ, ನಡುವೆ ಗ್ರಾನೈಟ್ ಪಟ್ಟಿ ಹಾಕಿಸಬೇಕು. ಬಾಗಿಲುಗಳ ಕೆಳಅಂಚು ಕೊಯ್ಯುವುದೂ ದರದಲ್ಲಿ ಸೇರಿಲ್ಲ. ಹಲಗೆ, ಫೋಮ್ ಸೇರಿ ನೆಲ 16 ಮಿ.ಮೀ. ಏರುತ್ತದೆ, ಕಾಂಪೌಂಡ್ ಬಿದ್ದಲ್ಲಿ ಇನ್ನೂ ಹೆಚ್ಚು.

ಮಳಿಗೆ ದರ ಹೇಳುವುದು ಚದರಡಿಗೆ. ಅದರಲ್ಲಿ ಹಲಗೆ, ಫೋಮ್, ಹಾಳೆ, ಕೂಲಿ ಇವೆ. ಟೊಳ್ಳು ಟೈಲ್ ರಿಪೇರಿ, ಲೆವೆಲಿಂಗ್, ಸ್ಕರ್ಟಿಂಗ್ ಬೇರೆ. ಕೊಟೇಶನ್ನಿನಲ್ಲಿ ಇವನ್ನು ಸಾಲು ಸಾಲಾಗಿ ಬರೆಸಿಕೊಂಡು, ಟೈಲ್ ತೆಗೆದು ಮಾಡಿದ ತೇವ ಪರೀಕ್ಷೆಯ ಫಲ ನೋಡಿದ ಮೇಲೆಯೇ ಮುಂಗಡ ಕೊಡುವುದಾದರೆ ಈ ತಂಡಕ್ಕೆ ಧೈರ್ಯವಾಗಿ ಕೆಲಸ ಒಪ್ಪಿಸಬಹುದು. ಎಲ್ಲವನ್ನೂ ಅವರಿಗೇ ಬಿಟ್ಟು ಊರಿಗೆ ಹೋಗಿ ಬರುವವರಿಗೆ ಈ ಮಳಿಗೆ ಬೇಡ.