ವಿರಾಜಪೇಟೆಯವರಿಗೆ ಕಣ್ಣೂರು ವಿಮಾನ ನಿಲ್ದಾಣ: ನಿಲ್ದಾಣ ಚೆನ್ನ, ಘಾಟಿ ನೋಡಿಕೊಳ್ಳಿ

ಕೊಡಗಿಗೆ ಸ್ವಂತ ವಿಮಾನ ನಿಲ್ದಾಣವಿಲ್ಲ. ವಿರಾಜಪೇಟೆ, ಗೋಣಿಕೊಪ್ಪ ಕಡೆಯವರಿಗೆ ಈಗ ಹತ್ತಿರವಾಗಿರುವುದು ಕೇರಳದ ಮಟ್ಟನ್ನೂರಿನಲ್ಲಿರುವ ಕಣ್ಣೂರು ನಿಲ್ದಾಣ. ವಿರಾಜಪೇಟೆಯಿಂದ ಸುಮಾರು 60 ಕಿ.ಮೀ.; ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ಇದರ ಎರಡು ಪಟ್ಟಿಗೂ ಹೆಚ್ಚು.

1935ರಲ್ಲೇ ಟಾಟಾದವರ ಮುಂಬೈ–ತಿರುವನಂತಪುರ ವಿಮಾನ ಕಣ್ಣೂರಿನಲ್ಲಿ ಇಳಿಯುತ್ತಿತ್ತು. ಈಗಿನ ನಿಲ್ದಾಣ ಶುರುವಾದದ್ದು ಮಾತ್ರ 2018ರ ಡಿಸೆಂಬರ್ 9ರಂದು. ರನ್‌ವೇ 3,050 ಮೀಟರ್. ಬಜ್ಪೆಯದು 2,450, ಮೈಸೂರಿನ ಮಂಡಕಳ್ಳಿಯದು 1,740. ಅಲ್ಲಿಗೆ ಎಟಿಆರ್‌ನಂಥ ಸಣ್ಣ ವಿಮಾನವೇ ಗತಿ. ಇಷ್ಟು ಉದ್ದದ ರನ್‌ವೇ ಇದ್ದೂ ಕಣ್ಣೂರಿಗೆ ವಿದೇಶಿ ಕಂಪನಿಗಳು ಬರುವಂತಿಲ್ಲ, ಕೇಂದ್ರದ ಅನುಮತಿ ಸಿಕ್ಕಿಲ್ಲ. ಗಲ್ಫ್‌ಗೆ ಹೋಗುವವರಿಗೂ ನಮ್ಮ ದೇಶದ ವಿಮಾನಗಳೇ. 2023ರ ಮೇನಲ್ಲಿ ಗೋ ಫಸ್ಟ್ ವಿಮಾನ ಕಂಪನಿ ನಿಂತಾಗ ಇಲ್ಲಿಗೆ ಬಿದ್ದ ಪೆಟ್ಟು ಸಣ್ಣದಲ್ಲ. ಹಾಗಾಗಿ ಒಂದು ವಿಮಾನ ರದ್ದಾದರೆ ಅದೇ ದಿನ ಇನ್ನೊಂದು ಸಿಗುತ್ತದೆಂದು ನಂಬಿ ಕೂರಬೇಡಿ.

ಟರ್ಮಿನಲ್ ದೊಡ್ಡದು, ನೂಕುನುಗ್ಗಲು ಕಡಿಮೆ. ತೊಂದರೆ ಇರುವುದು ದಾರಿಯಲ್ಲಿ. ಪೆರುಂಬಾಡಿ ದಾಟಿದ ಮೇಲೆ ಮಾಕುಟ್ಟದ ಕಾಡು, ಇಳಿಜಾರು, ತಿರುವು. ಆಮೇಲೆ ಕೂಟುಪುಳ, ಇರಿಟ್ಟಿ, ಮಟ್ಟನ್ನೂರು. ಬೇಸಿಗೆಯಲ್ಲಿ ಎರಡು ಗಂಟೆ ಸಾಕು. ಮಳೆಗಾಲದಲ್ಲಿ ಒಂದು ಮರ ಅಡ್ಡ ಬಿದ್ದರೂ ಲೆಕ್ಕ ತಪ್ಪುತ್ತದೆ. 2018ರ ಮಳೆಗೆ ಈ ಘಾಟಿ ಕುಸಿದು ರಸ್ತೆಯೇ ಬಂದ್ ಆಗಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಿನ ಜಾವದ ವಿಮಾನವಿದ್ದರೆ ಹಿಂದಿನ ಸಂಜೆಯೇ ಘಾಟಿ ಇಳಿದು ಮಟ್ಟನ್ನೂರಿನಲ್ಲಿ ಉಳಿಯುವುದು ಕ್ಷೇಮ. ರಾತ್ರಿ ಆನೆ ಕಾಟವೂ ಇದೆ. ಹಳದಿ ಬೋರ್ಡಿನ ಬಾಡಿಗೆ ಕಾರಾದರೆ ಕೇರಳದ ಪರ್ಮಿಟ್, ತೆರಿಗೆ ಆಗಿದೆಯೇ ಎಂದು ಹೊರಡುವ ಮೊದಲೇ ಕೇಳಿ. ಗಡಿಯಲ್ಲಿ ನಿಂತು ಮೊಬೈಲಿನಲ್ಲಿ ಕಟ್ಟಲು ಹೊರಟರೆ ಸಮಯ ಅಲ್ಲೇ ಹೋಗುತ್ತದೆ. ಬಸ್ಸಿನಲ್ಲಾದರೆ ಇರಿಟ್ಟಿಯಲ್ಲಿ ಇಳಿದು ಮಟ್ಟನ್ನೂರು ಬಸ್ಸು, ಅಲ್ಲಿಂದ ಆಟೋ.

ಇನ್ನು ಚೀಲ. ನಮ್ಮವರು ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ. ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ), ಜೇನು, ಪಂದಿ (ಹಂದಿಮಾಂಸದ) ಉಪ್ಪಿನಕಾಯಿ ಕೈಚೀಲದಲ್ಲಿದ್ದರೆ ತಪಾಸಣೆಯಲ್ಲಿ ತೆಗೆದಿಡಿಸುತ್ತಾರೆ. ಚೆಕ್‌-ಇನ್ ಲಗೇಜಿಗೇ ಹಾಕಿ. ಕಾಚಂಪುಳಿ ಬಾಟಲಿಯ ಕುತ್ತಿಗೆವರೆಗೆ ತುಂಬಬೇಡಿ, ಮುಚ್ಚಳಕ್ಕೆ ಟೇಪ್ ಸುತ್ತಿ ಎರಡು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ. ಸೋರಿದರೆ ಆ ಕಪ್ಪು ಕಲೆ ಬಿಳಿ ಬಟ್ಟೆಯಿಂದ ಹೋಗುವುದಿಲ್ಲ. ಮದುವೆಗೆ ಹೊರಟವರ ಪೀಚೆಕತ್ತಿಯೂ (ಕೊಡವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಚೂರಿ) ಲಗೇಜಿಗೇ, ಒರೆಯೊಳಗೆ ಗಟ್ಟಿಯಾಗಿ ಸುತ್ತಿ. ಒಣಕೊಬ್ಬರಿ ಮಾತ್ರ ಲಗೇಜಿಗೆ ಬೇಡ: ಎಣ್ಣೆಯಂಶದಿಂದ ಬೆಂಕಿ ಹೊತ್ತುವ ಅಪಾಯವೆಂದು ನಿಷೇಧವಿದೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ.

ಕುಶಾಲನಗರ, ಸೋಮವಾರಪೇಟೆಯವರು ಇದಕ್ಕಾಗಿ ಈ ಘಾಟಿ ಇಳಿದು ಬರಬೇಕಿಲ್ಲ. ಅವರಿಗೆ ಮೈಸೂರು ರಸ್ತೆ ಹಿಡಿದು ಬೆಂಗಳೂರೇ ಸಲೀಸು, ವಿಮಾನಗಳ ಆಯ್ಕೆಯೂ ಅಲ್ಲೇ ಜಾಸ್ತಿ.